ಬ್ಯಾಂಕಾಕಿನಲ್ಲಿ ತೆಗೆದ ದೃಷ್ಟಿ

ಬ್ಯಾಡಗಿ ಸ್ಟೇಷನ್

ನಾನು ಪರದೇಶಕ್ಕೆ ಹೋದದ್ದು ಒಂದೇ ಸಲ, ಅದೂ ನನಗೆ ಬಾರದ ಆಟದ ನೆಪದಲ್ಲಿ. ಬ್ಯಾಡಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರು. ಖೊಖೊ, ಕಬಡ್ಡಿ, ಥ್ರೋಬಾಲು, ಆಗಸ್ಟ್ ಹದಿನೈದರ ಕವಾಯತು, ಇಲ್ಲಿಗೆ ನನ್ನ ವಿದ್ಯೆ ಮುಗಿಯುತ್ತಿತ್ತು. ಮನೆ ರಾಣೆಬೆನ್ನೂರಿನಲ್ಲಿ. ದಿನಾ ಬೆಳಿಗ್ಗೆ ರೈಲು ಹತ್ತಿ ಬ್ಯಾಡಗಿಗೆ ಬಂದು, ಸಂಜೆ ಅದೇ ರೈಲಿನಲ್ಲಿ ತಿರುಗಿ ಹೋಗುವುದು. ಅಷ್ಟೇ ದೂರದ ಪ್ರಯಾಣಕ್ಕೆ ಒಗ್ಗಿದವಳನ್ನು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆ ಬ್ಯಾಂಕಾಕಿಗೆ ಕಳಿಸಿದರು.

ಏಷ್ಯಾದ ದೇಶಗಳ ಹೆಂಗಸರ ಫುಟ್ಬಾಲ್ ಪಂದ್ಯಾವಳಿ ಅಲ್ಲಿ ನಡೆಯುವುದಿತ್ತು. ಹುಡುಗಿಯರ ಜೊತೆಗೆ ಒಬ್ಬ ಮಹಿಳಾ ಮ್ಯಾನೇಜರು ಇರಲೇಬೇಕಂತೆ. ಮೊದಲು ಆರಿಸಿದ್ದ ಹೆಂಗಸಿಗೆ ಕಾಮಾಲೆ ಆಯಿತು. ಹೊಸಬರಿಗೆ ಪಾಸ್‌ಪೋರ್ಟು ಮಾಡಿಸಲು ವೇಳೆ ಇರಲಿಲ್ಲ. ನನ್ನ ಮೈದುನ ಮಸ್ಕತ್ತಿನಲ್ಲಿದ್ದ. ಒಮ್ಮೆ ಹೋಗಿ ಬರೋಣವೆಂದು ಎರಡು ವರ್ಷದ ಹಿಂದೆ ಮಾಡಿಸಿದ್ದ ಪಾಸ್‌ಪೋರ್ಟು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಮಲಗಿತ್ತು. ನನ್ನ ಅರ್ಹತೆ ಅದೊಂದೇ. ಹಾಗಂತ ನಾನು ಯಾರ ಮುಂದೆಯೂ ಹೇಳಲಿಲ್ಲ, ಹೇಳುವವರು ಹೇಳಿಕೊಂಡು ತಿರುಗಾಡಿದರು.

ಇನ್ನೊಂದು ಕಾರಣವೂ ಇತ್ತು. ತಂಡದಲ್ಲಿ ನನ್ನ ಶಾಲೆಯ ಹಳೆಯ ಹುಡುಗಿ ಒಬ್ಬಳಿದ್ದಳು. ರಿಜಿಸ್ಟರಿನಲ್ಲಿ ರೇಣುಕಾ, ಓಣಿಯಲ್ಲಿ ರೇಣವ್ವ. ಅವಳ ತಾಯಿ ಹನುಮವ್ವ ಮೆಣಸಿನಕಾಯಿ ಅಂಗಳದಲ್ಲಿ ಕುಳಿತು ತೊಟ್ಟು ಮುರಿಯುವ ಕೆಲಸದವಳು. ತಂದೆ ಇರಲಿಲ್ಲ. ಸಣ್ಣವಳಿದ್ದಾಗಿನಿಂದ ರೇಣವ್ವ ಅದೇ ಅಂಗಳದಲ್ಲಿ ಬೆಳೆದಳು. ಲಾರಿಯ ಮೇಲಿನಿಂದ ಖಾಲಿ ಚೀಲದ ಪೆಂಡಿ ಒಗೆದರೆ ಕೆಳಗೆ ನಿಂತು ಎದೆಗೆ ಅವಚಿ ಹಿಡಿಯುತ್ತಿದ್ದಳು. ಒಂದೂ ನೆಲಕ್ಕೆ ಬೀಳುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡೇ ನಾನು ಅವಳನ್ನು ಥ್ರೋಬಾಲಿಗೆ ಎಳೆದುಕೊಂಡೆ. ಹಾವೇರಿ ಕಾಲೇಜಿಗೆ ಹೋದಮೇಲೆ ಫುಟ್ಬಾಲಿನವರು ಗೋಲಿನಲ್ಲಿ ನಿಲ್ಲಿಸಿದರು. ಈಗ ದೇಶದ ತಂಡದ ಎರಡನೆಯ ಗೋಲ್‌ಕೀಪರು, ಅಂದರೆ ಬೆಂಚಿನ ಮೇಲೆ ಕೂರುವವಳು.

ಸಮಸ್ಯೆ ಇದ್ದದ್ದು ಆ ಬೆಂಚಿನಲ್ಲೇ. ಸರಕಾರಿ ಕಚೇರಿಯೊಂದರಲ್ಲಿ ಆಟಗಾರರ ಕೋಟಾದಲ್ಲಿ ಒಂದು ಜಾಗ ಖಾಲಿ ಇತ್ತು. ಅರ್ಜಿಯ ಜೊತೆಗೆ, ಅಭ್ಯರ್ಥಿ ದೇಶದ ಪರವಾಗಿ ಮೈದಾನಕ್ಕೆ ಇಳಿದು ಆಡಿದ್ದಾಳೆ ಎಂದು ತಂಡದ ಮ್ಯಾನೇಜರು ಬರೆದುಕೊಟ್ಟ ಪ್ರಮಾಣಪತ್ರ ಬೇಕು. ತಂಡದ ಜೊತೆಗೆ ಹೋಗಿದ್ದಳು ಎಂದರೆ ನಡೆಯದು. ಹತ್ತು ನಿಮಿಷವಾದರೂ ಸರಿ, ಆಡಿರಬೇಕು. ಆಡದಿದ್ದರೆ ರೇಣವ್ವ ಬಂದು ತಾಯಿಯ ಪಕ್ಕದಲ್ಲಿ ತೊಟ್ಟು ಮುರಿಯಲು ಕೂರುವುದು ಖಚಿತವಾಗಿತ್ತು.

ಸ್ಟೇಷನ್ನಿಗೆ ಹನುಮವ್ವ ಕೆಲಸದ ನಡುವಿನಿಂದಲೇ ಎದ್ದು ಬಂದಿದ್ದಳು. ಅಂಗೈ ಕೆಂಪಗಿದ್ದವು. ನನ್ನ ಕೈಯಲ್ಲಿ ಒಂದು ಬಟ್ಟೆಯ ಗಂಟು ಇಟ್ಟಳು. ಒಳಗೆ ಉಪ್ಪಿನ ಹರಳು, ಆರಿಸಿದ ಉದ್ದನೆಯ ಬ್ಯಾಡಗಿ ಕಾಯಿ.

"ಅಕ್ಕಾರ, ಹುಡುಗಿ ಮಂದ್ಯಾಗ ಹೊಂಟಾಳ. ಆಡಿ ಬಂದ ದಿನ ಸಂಜಿಮುಂದ ಏಳು ಕಾಯಿ, ಒಂದು ಹಿಡಿ ಉಪ್ಪು ತಗೊಂಡು ದಿಷ್ಟಿ ಇಳಿಸಿ ಒಲಿಗೆ ಹಾಕ್ರಿ. ಅಲ್ಲಿ ಆಕೀಗೆ ತಾಯಿ ಅಂದ್ರ ನೀವರಿ."

ಕದರಮಂಡಲಗಿ ಹನುಮಪ್ಪನ ಗುಡಿಯಿಂದ ತಂದ ಅಂಗಾರದ ಬೂದಿಯನ್ನು ಮಗಳ ಹಣೆಗೂ ನನ್ನ ಹಣೆಗೂ ಹಚ್ಚಿದಳು. ರೈಲು ಹೊರಟಾಗ ಅಳಲಿಲ್ಲ. ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ, ಕೈಗೆ ಖಾರ ಇತ್ತು.

ಕಲ್ಕತ್ತಾ ದಾಟಿ

ಕಲ್ಕತ್ತಾದಲ್ಲಿ ತಂಡದವರೆಲ್ಲ ಕೂಡಿದರು. ಬಂಗಾಳ, ಮಣಿಪುರ, ಕೇರಳ, ಗೋವಾ, ಹೀಗೆ ನಾನಾ ಕಡೆಯವರು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲ, ಆದರೂ ಅರ್ಧ ಗಂಟೆಯಲ್ಲಿ ಒಬ್ಬರ ಜಡೆ ಒಬ್ಬರು ಹೆಣೆಯುತ್ತ ಕುಳಿತಿದ್ದರು. ಕೋಚ್ ಸಾಹೇಬರು ಹಿಂದಿಯಲ್ಲಿ ಮಾತಾಡುತ್ತಿದ್ದರು, ನನ್ನ ಹಿಂದಿ ಕೇಳಿದಮೇಲೆ ಕೈಸನ್ನೆಗೆ ಇಳಿದರು. ಮೊದಲ ಗೋಲ್‌ಕೀಪರು ಶಿಖಾ ಕಲ್ಕತ್ತೆಯವಳೇ. ಎತ್ತರದ, ನಗುಮುಖದ ಹುಡುಗಿ. ಬಂದವಳೇ ರೇಣವ್ವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿ, ಇಷ್ಟು ಗಟ್ಟಿ ಕೈ ತನಗೆ ಇದ್ದರೆ ಗ್ಲೌಸ್ ಹಾಕುತ್ತಲೇ ಇರಲಿಲ್ಲ ಎಂದಳು. ಇವಳನ್ನು ದ್ವೇಷಿಸೋಣವೆಂದು ನಾನು ಮನಸ್ಸು ಮಾಡಿಕೊಂಡು ಹೋಗಿದ್ದೆ. ಅದು ಅಲ್ಲೇ ಕೆಟ್ಟಿತು.

ವಿಮಾನದ ವಿಷಯ ಹೆಚ್ಚು ಹೇಳುವುದಿಲ್ಲ. ಏರುವಾಗ ಕಿವಿ ಮುಚ್ಚಿತು, ಇಳಿಯುವಾಗ ತೆರೆಯಿತು, ನಡುವೆ ನಾನು ಕಣ್ಣು ಮುಚ್ಚಿದ್ದೆ.

ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವನು ನನ್ನ ಚೀಲ ತೆರೆಸಿದ. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಎಲ್ಲ ನೋಡಿ ಸುಮ್ಮನಿದ್ದ. ಹನುಮವ್ವನ ಗಂಟು ಬಿಚ್ಚಿದ. ಒಂದು ಕಾಯಿ ಎತ್ತಿ ಮೂಸಿದ, ಎರಡು ಸಲ ಸೀನಿದ, ಗಂಟನ್ನು ತೆಗೆದು ಪಕ್ಕದ ಡಬ್ಬಿಗೆ ಹಾಕಿದ. ಬಿತ್ತುವ ಬೀಜವೆಂದು ತಿಳಿದನೋ ಏನೋ. ನಾನು ಕನ್ನಡ, ಹಿಂದಿ, ಇಂಗ್ಲಿಷು ಮೂರರಲ್ಲೂ ಜಗಳ ತೆಗೆದೆ. ಅವನು ಕೈಮುಗಿದು, ನಕ್ಕು, ಮುಂದಿನವರನ್ನು ಕರೆದ. ತಾಯಿ ನಂಬಿ ಕೊಟ್ಟ ವಸ್ತು ಮೊದಲ ಹೆಜ್ಜೆಯಲ್ಲೇ ಹೋಯಿತಲ್ಲ ಎಂದು ನನಗೆ ಬಹಳ ಕಸಿವಿಸಿಯಾಯಿತು.

ಹಾಸ್ಟೆಲಿನ ಮೂರನೆಯ ಮಾಳಿಗೆ

ನಮ್ಮನ್ನು ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಇಳಿಸಿದ್ದರು. ಮೂರನೆಯ ಮಾಳಿಗೆ ನಮಗೆ ಮತ್ತು ಇನ್ನೊಂದು ದೇಶದವರಿಗೆ. ಆ ದೇಶದವರನ್ನು ನಾವು ಹಳದಿ ಅಂಗಿಯವರು ಎಂದೇ ಕರೆಯುತ್ತಿದ್ದೆವು. ದೇಶದ ಹೆಸರು ಬೇಡ, ಆ ಹುಡುಗಿಯರೂ ಈಗ ನನ್ನ ಹಾಗೆ ಮಂಡಿನೋವಿನವರಾಗಿರಬೇಕು.

ಹಾಸ್ಟೆಲಿನ ಮೇಲ್ವಿಚಾರಕಿ ಅರವತ್ತರ ಹೆಂಗಸು. ಬಿಳಿ ಕುಪ್ಪಸ, ಕರಿ ಲುಂಗಿಯಂಥ ಉಡುಗೆ, ಸೊಂಟದಲ್ಲಿ ಬೀಗದ ಗೊಂಚಲು. ನಾವು ಅವರನ್ನು ಬೀಗದಮ್ಮ ಎಂದೆವು. ಎದುರು ಬಂದಾಗಲೆಲ್ಲ ಕೈಮುಗಿಯುತ್ತಿದ್ದರು. ನಾವೂ ಮುಗಿಯುತ್ತಿದ್ದೆವು. ನಮ್ಮಲ್ಲಿ ದಿನಕ್ಕೊಮ್ಮೆ ನಮಸ್ಕಾರ ಆದರೆ ಸಾಕು, ಇವರಿಗೆ ನೀರು ತರಲು ಹೋದಾಗ ಒಂದು, ತಂದಾಗ ಒಂದು. ಎರಡು ದಿನದಲ್ಲಿ ನಮ್ಮ ಹುಡುಗಿಯರು ಬಾಗಿಲಿಗೂ ಕೈಮುಗಿಯತೊಡಗಿದರು.

ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕುಳಿತು ಉಣ್ಣುವುದು, ಹಿರಿಯರ ಮುಂದೆ ಬಗ್ಗಿ ಹಾಯುವುದು, ಎಲ್ಲ ನಮ್ಮಂತೆಯೇ. ಅದಕ್ಕೇ ಮೈಮರೆತೆ. ಒಂದು ದಿನ ಬೀಗದಮ್ಮನ ಮೊಮ್ಮಗಳು ಬಂದಿದ್ದಳು, ಮೂರು ವರ್ಷದ ಕೂಸು. ನಾನು ನಮ್ಮ ರೂಢಿಯಂತೆ ತಲೆ ನೇವರಿಸಿದೆ. ಬೀಗದಮ್ಮನ ಮುಖ ಸಣ್ಣಗಾಯಿತು. ಇನ್ನೊಬ್ಬರ ತಲೆ ಮುಟ್ಟಬಾರದಂತೆ ಅಲ್ಲಿ, ಕಾಲು ಯಾರ ಕಡೆಗೂ ಚಾಚಬಾರದಂತೆ. ಇಂಗ್ಲಿಷು ಬಲ್ಲ ಒಬ್ಬ ಕಾಲೇಜು ಹುಡುಗಿಯನ್ನು ನಮಗೆ ದುಭಾಷಿಯಾಗಿ ಕೊಟ್ಟಿದ್ದರು, ಅವಳೇ ಹೇಳಿದ್ದು. ನಾನು ತಪ್ಪಾಯಿತು ಎಂದು ಕೈಮುಗಿದೆ. ಬೀಗದಮ್ಮ ತಾವೂ ಮುಗಿದರು. ಅಲ್ಲಿಗೆ ಮುಗಿಯಿತು.

ಊಟದ್ದೇ ಕಷ್ಟ. ನಾನು ಸಸ್ಯಾಹಾರಿ. ಸೊಪ್ಪಿನ ಪಲ್ಯ ಎಂದು ಕೊಟ್ಟದ್ದರಲ್ಲೂ ಮೀನಿನ ರಸ. ಎರಡು ದಿನ ಅನ್ನಕ್ಕೆ ಚಟ್ನಿಪುಡಿ ಕಲಸಿ ಉಂಡೆ. ಮೂರನೆಯ ದಿನ ತಟ್ಟೆಯ ಮೂಲೆಯಲ್ಲಿ ಉಗುರಿನಷ್ಟೇ ಉದ್ದದ ಕೆಂಪು ಮೆಣಸಿನಕಾಯಿ ಕಂಡಿತು. ಬ್ಯಾಡಗಿಯ ರೊಟ್ಟಿ ತಿಂದವಳು ನಾನು, ಇದೇನು ಮಹಾ ಎಂದು ಕಚ್ಚಿದೆ. ಮುಂದೆ ಕಾಲು ಗಂಟೆ ನಾನು ಯಾರೊಂದಿಗೂ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಜಗತ್ತಿಗೆಲ್ಲ ಗೊತ್ತಿರುವ ಈ ಮಾತನ್ನು ಬ್ಯಾಡಗಿಯವರು ಮಾತ್ರ ಮರೆತು, ಖಾರ ಅಂದರೆ ನಮ್ಮದೇ ಎಂದುಕೊಂಡಿರುತ್ತೇವೆ. ಆ ದಿನ ಕಲಿತ ಪಾಠವನ್ನು ಮರುದಿನವೇ ಮರೆತೆ ಎಂಬುದು ಮುಂದಿನ ಕಥೆ.

ಎರಡು ಪಂದ್ಯ

ಮೊದಲ ಎರಡು ಪಂದ್ಯದಲ್ಲಿ ಶಿಖಾ ಆಡಿದಳು. ಆಡಿದಳು ಎಂದರೆ ಸಾಲದು. ಚೆಂಡು ಎಲ್ಲಿ ಬರುತ್ತದೆ ಎಂದು ಮೊದಲೇ ತಿಳಿದವಳ ಹಾಗೆ ಅಲ್ಲಿ ಹೋಗಿ ನಿಂತಿರುತ್ತಿದ್ದಳು. ಒಂದು ಗೋಲೂ ಬಿಡಲಿಲ್ಲ. ಫೋಟೋ ತೆಗೆಯುವವರು ಗೋಲಿನ ಹಿಂದೆ ಬಂದು ಕುಳಿತರು. ಊರಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಹಳದಿ ಅಂಗಿಯವರು ಮೆಟ್ಟಿಲ ಮೇಲೆ ಎದುರಾದಾಗ ಅವಳನ್ನೇ ತಿರುಗಿ ನೋಡುತ್ತಿದ್ದರು.

ಮೂರನೆಯ ಪಂದ್ಯ ಅವರ ಜೊತೆಗೇ ಇತ್ತು. ಸರಿಸಮ ಆದರೂ ನಾವು ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ಶಿಖಾ ಗೋಲಿನಲ್ಲಿದ್ದರೆ ಅದು ಸಾಧ್ಯವೆಂದು ಎಲ್ಲರೂ ನಂಬಿದ್ದರು.

ರೇಣವ್ವ ಎರಡೂ ಪಂದ್ಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಎರಡನೆಯ ಪಂದ್ಯದ ಕೊನೆಗೆ ನಾನೇ ಕೋಚ್ ಸಾಹೇಬರ ಹತ್ತಿರ ಹೋಗಿ, ಹೇಗೂ ಗೆಲ್ಲುತ್ತಿದ್ದೇವೆ, ಕೊನೆಯ ಹತ್ತು ನಿಮಿಷ ಈ ಹುಡುಗಿಯನ್ನು ಇಳಿಸಿರಿ ಎಂದೆ. ಗೋಲಿನಲ್ಲಿ ನಿಂತವಳನ್ನು ಸುಮ್ಮನೆ ಬದಲಿಸುವುದಿಲ್ಲ, ಇದು ಪಾಳಿ ಹಚ್ಚಿ ಆಡುವ ಖೊಖೊ ಅಲ್ಲ ಎಂದರು. ಸಿಟ್ಟು ಬಂತು. ಆದರೆ ಅವರ ಮಾತು ತಪ್ಪಾಗಿರಲಿಲ್ಲ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಆ ದಿನ ಸಂಜೆ ಶಿಖಾ ಊಟ ಬಿಟ್ಟಳು. ತಲೆ ಭಾರ, ಮೈ ಬಿಸಿ. ಸುಸ್ತಾಗಿರಬೇಕು ಎಂದು ಡಾಕ್ಟರರು ಗುಳಿಗೆ ಕೊಟ್ಟರು. ನನಗೆ ಮಾತ್ರ ಖಾತ್ರಿ ಇತ್ತು. ಅಷ್ಟು ಜನರ ಕಣ್ಣು ಆ ಹುಡುಗಿಯ ಮೇಲೆ ಬಿದ್ದಿತ್ತು.

ಮರುದಿನದ ಮುಸ್ಸಂಜೆ

ಹನುಮವ್ವ ದೃಷ್ಟಿ ತೆಗೆಯಲು ಹೇಳಿದ್ದು ತನ್ನ ಮಗಳಿಗೆ. ಮಗಳು ಆಡಿರಲಿಲ್ಲ, ಅವಳನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಪರಸ್ಥಳದಲ್ಲಿ ತಾಯಿ ಇಲ್ಲದೆ ಜ್ವರ ಹಿಡಿದು ಮಲಗಿದವಳು ಬೇರೆಯವಳು. ನಾನು ಹೆಚ್ಚು ಯೋಚಿಸಲಿಲ್ಲ.

ಹಾಸ್ಟೆಲಿನ ಹಿಂದೆ ಒಂದು ಸಣ್ಣ ಸಂತೆ ಇತ್ತು. ಅಲ್ಲಿ ಒಣಮೆಣಸಿನಕಾಯಿ ಕೊಂಡೆ. ಅದೇ ಉಗುರುದ್ದದ ಜಾತಿ. ಅಡಿಗೆಮನೆಯಲ್ಲಿ ಮಣ್ಣಿನ ಇದ್ದಿಲ ಒಲೆಗಳು ಇದ್ದವು, ಒಂದನ್ನು ಕೆಂಡದ ಸಮೇತ ಕೇಳಿ ತಂದೆ. ಕೋಣೆಯಲ್ಲಿ ಬೇಡವೆಂದು ಮೂರನೆಯ ಮಾಳಿಗೆಯ ಕಾರಿಡಾರಿನ ಕೊನೆಯಲ್ಲಿ ಇಟ್ಟೆ. ಮಳೆ ಬರುತ್ತಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು.

ಏಳು ಕಾಯಿ ಎಣಿಸಿದೆ. ಅಂಗೈಯಲ್ಲಿ ಏನೂ ಇದ್ದ ಹಾಗೇ ಕಾಣಲಿಲ್ಲ. ನಮ್ಮ ಒಂದು ಕಾಯಿಯ ಉದ್ದಕ್ಕೆ ಇವು ಆರೇಳು ಬೇಕು ಎಂದು ಅಳತೆ ಹಾಕಿ, ಒಂದು ಹಿಡಿ ತುಂಬ ತೆಗೆದುಕೊಂಡೆ. ಹಿಂದಿನ ದಿನವಷ್ಟೇ ಒಂದು ಕಾಯಿ ನನ್ನನ್ನು ಅಳಿಸಿತ್ತು. ಆದರೂ ನನ್ನ ತಲೆಯಲ್ಲಿ ಮೆಣಸಿನಕಾಯಿ ಎಂದರೆ ಉದ್ದ, ಅಗಲ, ಬಣ್ಣ. ಬ್ಯಾಡಗಿ ಪೇಟೆಯವರು ಬೇರೆ ರೀತಿಯಲ್ಲಿ ಅಳೆಯುವುದೇ ಇಲ್ಲ.

ಶಿಖಾಳನ್ನು ಕೂರಿಸಿ ಮೇಲಿಂದ ಕೆಳಗೆ ಮೂರು ಸಲ ಇಳಿಸಿ, ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದೆ. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಆ ಲೆಕ್ಕಕ್ಕೆ ಶಿಖಾಳಿಗೆ ಯಾರ ಕಣ್ಣೂ ತಾಕಿರಲಿಲ್ಲ. ಎಂಥ ಘಾಟು ಎದ್ದಿತೆಂದರೆ ಮೊದಲು ನನ್ನ ಗಂಟಲು ಕಟ್ಟಿತು, ಆಮೇಲೆ ಕಣ್ಣು ಮುಚ್ಚಿತು. ಒಂದೊಂದೇ ಬಾಗಿಲು ತೆರೆದು ಹುಡುಗಿಯರು ಕೆಮ್ಮುತ್ತ ಹೊರಬಿದ್ದರು. ಹೊಗೆ ಕಂಡ ಕಾವಲುಗಾರ ಬೆಂಕಿ ಬಿತ್ತೆಂದು ಗಂಟೆ ಬಾರಿಸಿದ. ಎರಡು ದೇಶದ ತಂಡಗಳು ಒಂದೇ ಮೆಟ್ಟಿಲಿನ ಮೇಲೆ ಇಳಿಯತೊಡಗಿದವು. ಮಳೆನೀರು ಹಾರಿ ಮೆಟ್ಟಿಲು ಒದ್ದೆಯಾಗಿತ್ತು.

ಕಣ್ಣೀರಿನಲ್ಲಿ ಶಿಖಾಳಿಗೆ ಮೆಟ್ಟಿಲು ಕಾಣಲಿಲ್ಲ. ಬಲಗಾಲು ಹೊರಳಿ ಬಿದ್ದಳು. ರೇಣವ್ವ ಹಿಂದಿನಿಂದ ಬಂದವಳು ಅವಳನ್ನು ಚೀಲದಂತೆ ಬೆನ್ನಿಗೆ ಹಾಕಿಕೊಂಡು ಕೆಳಗಿಳಿದಳು. ಅಂಗಳದ ಬೆಳಕಿನಲ್ಲಿ ನೋಡಿದರೆ ಪಾದದ ಕೀಲು ಆಗಲೇ ಊದಿತ್ತು.

ಬೀಗದಮ್ಮ ಮೇಲೆ ಹೋಗಿ ಒಲೆ ನೋಡಿ ಬಂದರು. ದುಭಾಷಿ ಹುಡುಗಿಯ ಮುಖಾಂತರ ಎರಡೇ ಪ್ರಶ್ನೆ ಕೇಳಿದರು. ಮೆಣಸಿನಕಾಯಿ ಸುಟ್ಟವರು ನೀವೇ? ಉಪ್ಪು ಸೇರಿಸಿದ್ದಿರಾ? ಹೌದು ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಈ ಸಲ ಕೈಮುಗಿಯಲಿಲ್ಲ.

ದುಭಾಷಿ ಹುಡುಗಿ ತಲೆ ತಗ್ಗಿಸಿ ಹೇಳಿದಳು. ಅವರ ದೇಶದಲ್ಲಿ ಉಪ್ಪು ಮೆಣಸಿನಕಾಯಿ ಸುಡುವುದು ವೈರಿಗೆ ಶಾಪ ಹಾಕುವಾಗ. ಯಾರ ಕೈಕಾಲು ಮುರಿಯಲೆಂದು ಬಯಸುತ್ತಾರೋ ಅವರ ಹೆಸರಿನಲ್ಲಿ ಸುಡುತ್ತಾರಂತೆ.

ಕೋಚ್ ಸಾಹೇಬರು ಅಲ್ಲೇ ನಿಂತಿದ್ದರು. ಅವರು ಶಿಖಾಳ ಕಾಲು ನೋಡಿದರು, ರೇಣವ್ವನನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. ಹತ್ತು ನಿಮಿಷ ಆಡಿಸಿ ಎಂದು ಹಿಂದಿನ ದಿನ ಬೇಡಿದವಳು ನಾನೇ ತಾನೆ. ನಾನು ಜೀವನದಲ್ಲಿ ಅಷ್ಟು ನಾಚಿಕೆಪಟ್ಟದ್ದಿಲ್ಲ. ಹಿಂದಿ, ಇಂಗ್ಲಿಷು ಎರಡೂ ಕೈಕೊಟ್ಟವು. ಶಾಪವಲ್ಲ, ನಮ್ಮಲ್ಲಿ ಇದು ಮಕ್ಕಳಿಗೆ ಮಾಡುವುದು ಎಂದು ಹೇಳಲು ಬೇಕಾದ ಒಂದು ಮಾತೂ ಬಾಯಿಗೆ ಬರಲಿಲ್ಲ.

ಹೇಳಿದವಳು ಶಿಖಾ. ನೋವಿನಲ್ಲೂ ನಗುತ್ತ, ತನ್ನ ಅಜ್ಜಿಯೂ ಹೀಗೆಯೇ ಮೆಣಸಿನಕಾಯಿ ಸುಟ್ಟು ನಜರ್ ತೆಗೆಯುತ್ತಾಳೆ, ಆದರೆ ಇಷ್ಟೊಂದು ಹಾಕುವುದಿಲ್ಲ ಎಂದಳು. ದುಭಾಷಿ ಅದನ್ನು ಬೀಗದಮ್ಮನಿಗೆ ತಿಳಿಸಿದಳು. ಅವರು ನಂಬಿದರೋ ಇಲ್ಲವೋ, ಮಂಜುಗಡ್ಡೆ ತಂದು ಕಾಲಿಗೆ ಕಟ್ಟಿದರು.

ಮೈದಾನ

ಮರುದಿನ ಬೆಳಿಗ್ಗೆ ರೇಣವ್ವ ಬೂಟಿನ ಲೇಸು ಕಟ್ಟದೆ ಮಂಚದ ಮೇಲೆ ಕುಳಿತಿದ್ದಳು. ಮೂರನೆಯ ಗೋಲ್‌ಕೀಪರು ತಂಡದಲ್ಲಿ ಇರಲಿಲ್ಲ, ಅವಳೇ ಆಡಬೇಕಿತ್ತು. ಏಳು ಎಂದೆ. ಅವಳು ಏಳಲಿಲ್ಲ.

"ಅಕ್ಕಾರ, ಖರೇ ಹೇಳ್ರಿ. ಬೇಕಂತ ಮಾಡಿದ್ರೇನ್ರಿ?"

ಇಲ್ಲವೆಂದು ಗದರಿಸಿಬಿಡುವುದು ಸುಲಭವಿತ್ತು. ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಅದನ್ನೇ ಮಾಡಿದವಳು ನಾನು.

"ಬೇಕಂತ ಮಾಡಿಲ್ಲವಾ. ಆಕೀಗೆ ಆರಾಮ ಆಗ್ಲಿ ಅಂತನ ಇಳಿಸಿದೆ. ಆದ್ರ ಆಕಿ ಬಿದ್ದದ್ದು ನೋಡಿದಾಗ, ಇನ್ನ ನೀ ಆಡತಿ ಅಂತ ಒಂದು ಗಳಿಗಿ ಮನಸಿಗೆ ಬಂತು. ಅದನ್ನ ಸುಳ್ಳ ಹೇಳೂದಿಲ್ಲ."

"ನನಗೂ ಬಂತ್ರಿ," ಎಂದಳು. ಆಮೇಲೆ ಲೇಸು ಕಟ್ಟಿದಳು.

ಶಿಖಾ ತನ್ನ ಗ್ಲೌಸು ಕೊಟ್ಟಳು. ಕೋಲೂರಿಕೊಂಡು ಬಂದು ಗೋಲಿನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕುಳಿತಳು. ನಾನು ಬೆಂಚಿನ ಮೇಲೆ. ಪಕ್ಕದಲ್ಲಿ ಕೋಚ್ ಸಾಹೇಬರು, ನಡುವೆ ಎರಡು ಆಳು ಕೂರುವಷ್ಟು ಜಾಗ.

ಮಳೆಗೆ ಮೈದಾನ ಗದ್ದೆಯಾಗಿತ್ತು. ಮೊದಲ ಹತ್ತು ನಿಮಿಷದಲ್ಲಿ ಎರಡು ಗೋಲು ಹೋದವು. ಎರಡೂ ಅವಳ ಕೈಗೆ ತಾಗಿಯೇ ಹೋದವು. ಶಿಖಾಳ ಬೆರಳು ಉದ್ದ, ಗ್ಲೌಸಿನ ತುದಿ ರೇಣವ್ವನ ಬೆರಳಿನಾಚೆ ಅರ್ಧ ಇಂಚು ಖಾಲಿ ಇತ್ತು. ಎರಡನೆಯ ಗೋಲು ಆದಮೇಲೆ ಅವಳು ಗ್ಲೌಸು ಬಿಚ್ಚಿ ಶಿಖಾಳ ತೊಡೆಯ ಮೇಲೆ ಇಟ್ಟಳು. ಅಂಗೈಗೆ ಮಣ್ಣು ಉಜ್ಜಿಕೊಂಡು ಬರಿಗೈಯಲ್ಲಿ ನಿಂತಳು.

ಆಮೇಲೆ ನಾನು ಕಂಡದ್ದು ಬ್ಯಾಡಗಿಯ ಅಂಗಳ. ಚೆಂಡು ಎತ್ತರದಿಂದ ಬಂದರೆ ಪೆಂಡಿ ಬಂದ ಹಾಗೆ ಎದೆಗೆ ಅವಚಿ ಕೂತುಬಿಡುತ್ತಿದ್ದಳು. ನಂದು, ನಂದು ಎಂದು ಕೂಗುತ್ತಿದ್ದಳು. ಮಣಿಪುರದ ಹುಡುಗಿಯರಿಗೆ ಕನ್ನಡದ ಆ ಒಂದು ಮಾತು ತಿಳಿದುಹೋಗಿತ್ತು, ಕೂಗಿದ ಕೂಡಲೇ ದಾರಿ ಬಿಡುತ್ತಿದ್ದರು. ನಮ್ಮವರು ಒಂದು ಗೋಲು ಹೊಡೆದರು, ಇನ್ನೊಂದು ಹೊಡೆದರು. ಸರಿಸಮವಾಯಿತು. ಹಾಗೇ ಮುಗಿದಿದ್ದರೆ ಈ ಕಥೆ ಹೇಳಲು ನನಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ. ಕೊನೆಯ ನಿಮಿಷಗಳಲ್ಲಿ ಹಳದಿ ಅಂಗಿಯ ಗಿಡ್ಡ ಹುಡುಗಿಯೊಬ್ಬಳು ದೂರದಿಂದ ಒದ್ದಳು. ಚೆಂಡು ಕೆಸರಿನಲ್ಲಿ ನೆಗೆದು ದಿಕ್ಕು ಬದಲಿಸಿ ಒಳಗೆ ಹೋಯಿತು.

ನಾವು ಸೋತೆವು. ಪಂದ್ಯಾವಳಿಯಿಂದ ಹೊರಬಿದ್ದೆವು. ಶಿಖಾ ಇದ್ದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬಸ್ಸಿನಲ್ಲಿ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು. ನಾನೂ.

ಹೊರಡುವ ದಿನ ಬೀಗದಮ್ಮ ಬಾಗಿಲಿಗೆ ಬಂದು ಎಲ್ಲರಿಗೂ ಕೈಮುಗಿದರು. ನನ್ನ ಮುಂದೆ ಬಂದಾಗ ಸ್ವಲ್ಪ ತಡೆದರು, ಆಮೇಲೆ ನನಗೂ ಮುಗಿದರು. ಆ ಒಂದು ನಮಸ್ಕಾರಕ್ಕೆ ನನ್ನ ಕಣ್ಣು ತುಂಬಿತು.

ವಿಮಾನದಲ್ಲಿ

ಪ್ರಮಾಣಪತ್ರದ ನಮೂನೆ ನನ್ನ ಚೀಲದಲ್ಲಿತ್ತು. ವಿಮಾನದಲ್ಲೇ ತುಂಬಿದೆ. ಹೆಸರು, ಊರು, ಆಡಿದ ಸ್ಥಾನ. ದೇಶದ ಪರವಾಗಿ ಮೈದಾನಕ್ಕೆ ಇಳಿದು ಪೂರ್ತಿ ಪಂದ್ಯ ಆಡಿದ್ದಾಳೆ ಎಂದು ಬರೆದು ಸಹಿ ಹಾಕಿದೆ. ಪಕ್ಕದಲ್ಲಿ ಕುಳಿತು ಓದುತ್ತಿದ್ದ ರೇಣವ್ವ, ಮೂರು ಗೋಲು ಬಿಟ್ಟದ್ದನ್ನೂ ಬರೆಯಿರಿ ಎಂದಳು. ಅದಕ್ಕೆ ಜಾಗ ಬಿಟ್ಟಿಲ್ಲವೆಂದೆ. ಕಲ್ಕತ್ತಾದಲ್ಲಿ ಶಿಖಾಳ ಅಣ್ಣ ಬಂದು ಅವಳನ್ನು ಎತ್ತಿಕೊಂಡಂತೆಯೇ ಟ್ಯಾಕ್ಸಿಯಲ್ಲಿ ಕೂರಿಸಿದ. ಶಿಖಾ ಕಿಟಕಿಯಿಂದ ಗ್ಲೌಸನ್ನು ರೇಣವ್ವನ ಕೈಗೆ ಒಗೆದು, ಕೈಬೀಸಿ ಹೋದಳು.

ಮತ್ತೆ ಬ್ಯಾಡಗಿ

ಅರ್ಜಿ ಕೊಡಲು ಒಂಬತ್ತು ದಿನ ಉಳಿದಿದ್ದವು. ಪ್ರಮಾಣಪತ್ರ ಹಿಡಿದು ಅಂಗಳಕ್ಕೆ ಹೋದೆ. ಹನುಮವ್ವ ಕೆಂಪು ರಾಶಿಯ ಮುಂದೆ ಕುಳಿತಿದ್ದಳು. ಕೇಳುವಾಗ ಕೈ ನಿಲ್ಲಿಸಲಿಲ್ಲ, ಟಕ್ ಟಕ್ ಎಂದು ತೊಟ್ಟು ಮುರಿಯುತ್ತಲೇ ಇದ್ದಳು. ನಾನು ಎಲ್ಲ ಹೇಳಿದೆ. ಗಂಟು ಕಳೆದದ್ದು, ಅವಳ ಮಗಳಿಗೆ ತೆಗೆಯಬೇಕಾದ ದೃಷ್ಟಿಯನ್ನು ಬೇರೊಬ್ಬಳಿಗೆ ತೆಗೆದದ್ದು, ಆ ಊರಿನ ಕಾಯಿ ಹಿಡಿಗಟ್ಟಲೆ ಸುಟ್ಟದ್ದು, ಶಿಖಾ ಬಿದ್ದದ್ದು, ರೇಣವ್ವ ಆಡಿದ್ದು. ತನ್ನ ಕಾಯಿ ಇದ್ದಿದ್ದರೆ ಆ ಹುಡುಗಿ ಬೀಳುತ್ತಿರಲಿಲ್ಲ ಎಂದಳು ಹನುಮವ್ವ. ಹೌದು ಎಂದೆ.

ರಾಣೆಬೆನ್ನೂರಿನಲ್ಲಿ, ಶಾಲೆಯಲ್ಲಿ, ರೈಲಿನಲ್ಲಿ, ಸಿಕ್ಕವರೆಲ್ಲ ಎಷ್ಟು ಗೋಲು ಎಂದು ಕೇಳಿದ್ದರು. ನಾನು ಪ್ರಮಾಣಪತ್ರ ಮುಂದೆ ಚಾಚಿದೆ. ಹನುಮವ್ವ ಅದನ್ನು ನೋಡಲಿಲ್ಲ.

"ಆ ಹುಡುಗಿ ಕಾಲು ಈಗ ಹೆಂಗೈತ್ರಿ?"

ನನಗೆ ಗೊತ್ತಿರಲಿಲ್ಲ. ಊರು ಮುಟ್ಟಿ ನಾಲ್ಕು ದಿನ ಆಗಿತ್ತು, ಒಂದು ಕಾರ್ಡು ಬರೆದು ಕೇಳಿರಲಿಲ್ಲ. ಆಗಲೇ ಕೈ ನಿಂತದ್ದು ಅವಳದು.

"ಆಕೀಗೂ ಹಡದಾಕಿ ಇರ್ತಾಳಲ್ರಿ ಅಕ್ಕಾರ. ಆಕಿ ನೆಟ್ಟಗ ನಡದಾಳ ಅಂತ ತಿಳೀಲಿ. ಅಲ್ಲೀತನ ಈ ಕಾಗದ ನಮ್ಮನಿಯಾಗ ಬ್ಯಾಡ."

ರೇಣವ್ವ ಬಾಗಿಲಲ್ಲಿ ನಿಂತಿದ್ದಳು. ನೀನಾದರೂ ಹೇಳು ಎಂದು ಅವಳ ಮುಖ ನೋಡಿದೆ. ಅವಳು ತಾಯಿಯ ಪಕ್ಕದಲ್ಲಿ ಕುಳಿತು, ಒಂದು ಹಿಡಿ ಕಾಯಿ ತನ್ನ ಕಡೆಗೆ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು.

ಹಾವೇರಿಗೆ ಹೋಗಿ ಶಿಖಾಳಿಗೆ ತಂತಿ ಕೊಟ್ಟೆ. ನಿನ್ನ ಕಾಲು ಹೇಗಿದೆ, ನಡೆಯುತ್ತೀಯಾ, ಕೂಡಲೇ ತಿಳಿಸು. ತಂತಿ ಗುಮಾಸ್ತರು ಎರಡು ಸಲ ಓದಿ, ಕಾಲೆಂದರೆ ಕಾಲೇ ಏನ್ರಿ ಎಂದು ಕೇಳಿದರು. ಉತ್ತರ ಶಾಲೆಯ ವಿಳಾಸಕ್ಕೆ ಬರಬೇಕಿತ್ತು. ಒಂದು ದಿನ ಆಯಿತು, ಎರಡು ಆಯಿತು. ಐದನೆಯ ದಿನ ನಾನು ಪೀರಿಯಡ್ ಬಿಟ್ಟು ಅಂಚೆಯವನ ದಾರಿ ಕಾಯುತ್ತ ಗೇಟಿನಲ್ಲೇ ನಿಂತೆ. ಹುಡುಗಿಯರು ತಮ್ಮಷ್ಟಕ್ಕೆ ಖೊಖೊ ಆಡಿಕೊಂಡರು. ಬೇಕಾದರೆ ಉತ್ತರ ಬಂತೆಂದು ಸುಳ್ಳು ಹೇಳಿ ಕಾಗದ ಕೊಟ್ಟುಬಿಡಬಹುದಿತ್ತು. ಒಮ್ಮೆ ಹಾಗೆ ಹೇಳೋಣವೆಂದು ಅಂಗಳದ ತನಕ ಹೋಗಿಯೂ ಬಂದೆ.

ಏಳನೆಯ ದಿನ ತಂತಿ ಬಂತು. ನೇರ ಅಂಗಳಕ್ಕೆ ಹೋಗಿ ನಿಂತುಕೊಂಡೇ ಕನ್ನಡ ಮಾಡಿ ಓದಿದೆ. ಊರುಗೋಲು ಬಿಟ್ಟಿದ್ದೇನೆ. ನಡೆಯುತ್ತಿದ್ದೇನೆ. ಗ್ಲೌಸು ರೇಣುಕಾಳಿಗೇ ಇರಲಿ, ಬೆರಳಿನ ತುದಿಗೆ ಹತ್ತಿ ತುರುಕಿಕೊಳ್ಳಲು ಹೇಳಿ.

ನಡೆಯುತ್ತಿದ್ದೇನೆ ಎಂಬುದನ್ನು ಹನುಮವ್ವ ಇನ್ನೊಮ್ಮೆ ಓದಿಸಿದಳು. ಆಮೇಲೆ ಎದ್ದು, ಕೈಯನ್ನು ಸೆರಗಿಗೆ ಒರೆಸಿದಳು. ಕೆಂಪು ಹೋಗಲಿಲ್ಲ. ಕೊಡದ ನೀರಿನಲ್ಲಿ ತೊಳೆದು ಮತ್ತೆ ಒರೆಸಿ, ಎರಡೂ ಕೈ ಚಾಚಿದಳು.

"ಈಗ ಕೊಡ್ರಿ," ಎಂದಳು.